ಐದೇ ದಿನಕ್ಕೆ ಮಾತ್ರೆ ಬಿಡಿಸಬೇಡಿ

ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್, ಆದರೂ ನಿಮ್ಮ ತಮ್ಮನಿಗೆ ಬಸ್ ಹತ್ತಿದರೆ ಎದೆ ಡವಡವ, ಪ್ಯಾನಿಕ್ ಅಟ್ಯಾಕ್ (ದಿಢೀರನೆ ಉಕ್ಕುವ ಗಾಬರಿ). ಗಾಬರಿಗೆ ಕೊಡುವ ಎಸಿಟಲೋಪ್ರಾಮ್ ಮಾತ್ರೆ ಶುರುಮಾಡಿ ಐದು ದಿನಕ್ಕೆ ಗಾಬರಿ ಇನ್ನೂ ಜಾಸ್ತಿಯಾಗಿದೆ, ನಿಲ್ಲಿಸಲೇ ಅಂತ ಕೇಳಿದ್ದೀರಿ. ನೀವಾಗಿಯೇ ನಿಲ್ಲಿಸಬೇಡಿ. ಈ ಜಾತಿಯ ಮಾತ್ರೆಗಳು ಮೊದಲ ವಾರ ಹೀಗೆ ಚಡಪಡಿಕೆ ಕೊಡೋದುಂಟು, ಗುಣ ಕಾಣೋಕೆ ಕೆಲವು ವಾರ ಬೇಕು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಅವರೇ ಡೋಸ್ ಇಳಿಸಿ ನಿಧಾನಕ್ಕೆ ಏರಿಸಬಹುದು. ಸಾಯುವ ಮಾತೇನಾದರೂ ಆಡಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗಾಬರಿ ಬೇಗ ಇಳಿಸುವ ಕ್ಲೋನಜೆಪಾಮ್ ಮಾತ್ರೆ ಅರ್ಧ ಗಂಟೆ, ಒಂದು ಗಂಟೆಯಲ್ಲೇ ಆರಾಮ ಕೊಡುತ್ತೆ ನಿಜ. ಅದೇ ಅದರ ತೊಂದರೆ ಕೂಡ, ಅಭ್ಯಾಸವಾಗಿಬಿಡುತ್ತೆ. ಡಾಕ್ಟರು ಬರೆದಷ್ಟು ದಿನ ಮಾತ್ರ.

ಇದೇ ತೊಂದರೆಯಿದ್ದ ನನಗೆ ನಿಜವಾಗಿ ಕೈಹಿಡಿದದ್ದು ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ. ಥೆರಪಿಸ್ಟ್ ನನ್ನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಗರಗರ ತಿರುಗಿಸಿದರು. ಇನ್ನೊಮ್ಮೆ ಮೂಗು ಮುಚ್ಚಿ ಸ್ಟ್ರಾದಲ್ಲಿ ಉಸಿರಾಡಿಸಿದರು. ತಲೆ ಸುತ್ತು, ಉಸಿರುಕಟ್ಟು, ಥೇಟ್ ಅಟ್ಯಾಕ್ ಬಂದ ಹಾಗೇ! (ದುಡ್ಡು ಕೊಟ್ಟು ಈ ಸಂಕಟ ಯಾಕಪ್ಪ ಅನ್ನಿಸಿತ್ತು.) ಮತ್ತೆ ಮತ್ತೆ ಮಾಡಿದ ಮೇಲೆ, ಎದೆ ಹೊಡೆದುಕೊಂಡರೆ ಪ್ರಾಣ ಹೋಗಲ್ಲ ಅಂತ ದೇಹಕ್ಕೇ ಗೊತ್ತಾಯಿತು. ಆಮೇಲೆ ಬಸ್ಸು: ಮೊದಲು ಒಂದು ಸ್ಟಾಪ್, ಮುಂದಿನ ವಾರ ಮೂರು. ಅಟ್ಯಾಕ್ ಬಂದರೂ ಇಳಿಯಬಾರದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತೆ.

ಕಾಫಿ ಕಡಿಮೆ ಮಾಡಿಸಿ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.