ರಿಸರ್ವ್‌ನಲ್ಲೇ ಓಡಿಸಿದರೆ ಫ್ಯೂಯಲ್ ಪಂಪ್ ಹಾಳಾಗುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಮೂಡಿಗೆರೆಯಲ್ಲಿ ಇರುತ್ತೀರಿ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಐನೂರು ರೂಪಾಯಿಗೆ ಹಾಕಿಸುವುದು, ಲೈಟ್ ಹತ್ತಿದ ಮೇಲೆ ಮತ್ತೆ ಐನೂರಕ್ಕೆ ಹಾಕಿಸುವುದು ಮೊದಲಿನಿಂದಲೂ ಅಭ್ಯಾಸ. ಈಗ ಪಂಪ್ ಕೆಟ್ಟಿದೆ. ರಿಸರ್ವ್‌ನಲ್ಲಿ ಓಡಿಸಿದ್ದಕ್ಕೇ ಹೀಗಾಗಿದೆ, ಇನ್ನು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಇದು ನಿಜವಾ, ತೋಟದ ಡೀಸೆಲ್ ಜೀಪಿಗೂ ಇದೇ ಲೆಕ್ಕವಾ ಅಂತ ಕೇಳಿದ್ದೀರಿ.

ನಾನು ಹಾಸನದಲ್ಲಿ ಗ್ಯಾರೇಜ್ ನಡೆಸುತ್ತೇನೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಟ್ಯಾಂಕ್ ಅನ್ನುವುದು ಅತಿಯಾಯಿತು. ಪಂಪ್ ಗಾಳಿ ಎಳೆದರೆ ಕೆಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇದ್ದ ಮಾತ್ರಕ್ಕೆ ಗಾಳಿ ಎಳೆಯುವುದಿಲ್ಲ.

ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಲ್ಲಿ ಎಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ) ಇರುವ ಪೆಟ್ರೋಲ್ ಕಾರಿನಲ್ಲಿ ಪಂಪ್ ಇರುವುದು ಟ್ಯಾಂಕಿನ ಒಳಗೆ. ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಅದರ ಮುಚ್ಚಳ ಕಾಣುತ್ತದೆ. ಅದೊಂದು ಸಣ್ಣ ಕರೆಂಟ್ ಮೋಟಾರ್. ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುತ್ತದೆ. ಪೆಟ್ರೋಲ್ ಆ ಮೋಟಾರಿನ ಹೊಟ್ಟೆಯೊಳಗಿಂದಲೇ ಹಾದು ಹೋಗುತ್ತದೆ. ತಿರುಗುವ ಆರ್ಮೇಚರ್, ಅದಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಎಲ್ಲ ಅದರಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಮೋಟಾರಿನ ಬಿಸಿ ಇಳಿಸುವುದೂ ಅದೇ, ಸವೆಯದ ಹಾಗೆ ನೋಡಿಕೊಳ್ಳುವುದೂ ಅದೇ. ಕರೆಂಟ್ ಮೋಟಾರ್ ಪೆಟ್ರೋಲಿನಲ್ಲಿ ಮುಳುಗಿದ್ದರೆ ಬೆಂಕಿ ಹತ್ತಲ್ವಾ ಅಂತ ಸುಮಾರು ಜನ ಕೇಳುತ್ತಾರೆ. ಟ್ಯಾಂಕಿನೊಳಗೆ ಪೆಟ್ರೋಲ್ ಆವಿಯೇ ದಟ್ಟವಾಗಿ ತುಂಬಿರುತ್ತದೆ. ಉರಿಯಲು ಬೇಕಾದಷ್ಟು ಗಾಳಿ ಅಲ್ಲಿ ಇರುವುದಿಲ್ಲ.

ಈ ಪಂಪಿನ ಸುತ್ತ ಒಂದು ಪ್ಲಾಸ್ಟಿಕ್ ಡಬ್ಬ ಇರುತ್ತದೆ. ಪಂಪ್ ಎತ್ತಿದ್ದರಲ್ಲಿ ಸ್ವಲ್ಪ ಪೆಟ್ರೋಲ್ ಸಣ್ಣ ತೂತಿನಿಂದ ರಭಸವಾಗಿ ಚಿಮ್ಮಿ, ಹೊರಗಿನ ಪೆಟ್ರೋಲನ್ನೂ ಎಳೆದುಕೊಂಡು ಬಂದು ಡಬ್ಬ ತುಂಬಿಸುತ್ತಲೇ ಇರುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಕಾಲು ಭಾಗ ಮಾತ್ರ ಉಳಿದಿದ್ದರೂ ಡಬ್ಬ ತುಂಬಿರುತ್ತದೆ, ಪಂಪ್ ಮುಳುಗಿರುತ್ತದೆ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವಾಗ ಮೀಟರಿನ ಮುಳ್ಳು ಕಾಲು ಟ್ಯಾಂಕಿಗಿಂತ ಕೆಳಗೆ ಬಂದರೆ ಯಾವ ಚಿಂತೆಯೂ ಬೇಡ. ಕಮ್ಮಿ ಪೆಟ್ರೋಲ್ ಬೇಗ ಬಿಸಿಯಾಗುತ್ತದೆ ಅನ್ನುವುದು ನಿಜ. ವರ್ಷಗಟ್ಟಲೆ ಲೈಟ್ ಹತ್ತಿಸಿಕೊಂಡೇ ಓಡಿಸಿದರೆ ಪಂಪಿನ ಆಯಸ್ಸು ಸ್ವಲ್ಪ ಕುಗ್ಗಬಹುದು. ಅದಕ್ಕೋಸ್ಕರ ಅರ್ಧ ಟ್ಯಾಂಕಿನ ವ್ರತ ಹಿಡಿಯಬೇಕಾಗಿಲ್ಲ.

ನಿಮ್ಮ ಊರಿನ ವಿಷಯ ಮಾತ್ರ ಬೇರೆ. ಒಂದು ಕಡೆ ಚಾರ್ಮಾಡಿ, ಇನ್ನೊಂದು ಕಡೆ ದೇವರಮನೆ. ಚಿಕ್ಕಮಗಳೂರಿಗೆ ಹೋಗಿ ಮುಳ್ಳಯ್ಯನಗಿರಿ ಹತ್ತಿದರೆ ಅದು 1,930 ಮೀಟರ್ ಎತ್ತರದ ಬೆಟ್ಟ. ಕಾರಿನ ಟ್ಯಾಂಕ್ ಅಗಲವಾಗಿ, ಚಪ್ಪಟೆಯಾಗಿ ಇರುತ್ತದೆ. ತಳದಲ್ಲಿ ಎರಡು ಮೂರು ಲೀಟರ್ ಉಳಿದಿದೆ ಅಂತ ಇಟ್ಟುಕೊಳ್ಳಿ. ಏರು ಹತ್ತುವಾಗ ಅದಷ್ಟೂ ಹಿಂದಕ್ಕೆ ಜಾರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಒಂದು ಪಕ್ಕಕ್ಕೆ ಹೋಗುತ್ತದೆ. ಡಬ್ಬದಲ್ಲಿರುವುದು ಸ್ವಲ್ಪ ಹೊತ್ತು ಕಾಯುತ್ತದೆ. ಏರು ಉದ್ದವಾದರೆ ಅದೂ ಮುಗಿಯುತ್ತದೆ. ಆಗ ಪಂಪ್ ಗಾಳಿ ಎಳೆಯುತ್ತದೆ. ಕಾರು ಜರ್ಕ್ ಹೊಡೆದು, ಪಿಕಪ್ ಬಿದ್ದು, ಸಮ ರಸ್ತೆಗೆ ಬಂದ ತಕ್ಷಣ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತದೆ. ಡ್ರೈವರ್ ಮರೆತುಬಿಡುತ್ತಾರೆ. ಅಷ್ಟು ಹೊತ್ತು ಮೋಟಾರ್ ಒಣಗಿಯೇ ತಿರುಗಿರುತ್ತದೆ. ಹೀಗೆ ಪೆಟ್ರೋಲ್ ಸರಿಯಾಗಿ ಸಿಗದೆ ಎಂಜಿನ್ ಮಿಸ್ ಹೊಡೆದಾಗ ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡಬಹುದು. ಅದರ ಬೆಲೆಯ ಮುಂದೆ ಪಂಪಿನದು ಏನೂ ಅಲ್ಲ.

ಇನ್ನು ಎಷ್ಟು ಕಿಲೋಮೀಟರ್ ಹೋಗಬಹುದು ಅಂತ ಡಿಸ್‌ಪ್ಲೇಯಲ್ಲಿ ಬರುತ್ತದಲ್ಲ, ಘಾಟಿಯಲ್ಲಿ ಅದನ್ನು ನಂಬಬೇಡಿ. ಸ್ವಲ್ಪ ಹೊತ್ತಿನ ಹಿಂದೆ ಎಷ್ಟು ಮೈಲೇಜ್ ಬಂತು ಅಂತ ನೋಡಿ ಅದು ಲೆಕ್ಕ ಹಾಕುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ಆಕ್ಸಿಲರೇಟರ್‌ಗೆ ಕೆಲಸವೇ ಇಲ್ಲ. ಸಂಖ್ಯೆ ಏರುತ್ತಾ ಹೋಗುತ್ತದೆ. ಉಜಿರೆಯಲ್ಲಿ ಕೆಲಸ ಮುಗಿಸಿ, ಆ ಸಂಖ್ಯೆ ನಂಬಿ ವಾಪಸ್ ಹತ್ತಲು ಶುರು ಮಾಡಿದರೆ ಅರ್ಧ ಘಾಟಿಯೊಳಗೆ ಅದರ ಬಣ್ಣ ಬಯಲಾಗುತ್ತದೆ. ಘಾಟಿ ಹತ್ತುವ ಮೊದಲು ಕಾಲು ಟ್ಯಾಂಕ್ ಇರಲಿ. ನಾನು ಹೇಳುವುದು ಇಷ್ಟೇ. ಶಿರಾಡಿಯಲ್ಲಿ ಹೋಗುವುದಾದರೆ ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹಾಕಿಸಿ. ಪಂಪಿಗೋಸ್ಕರ ಅಲ್ಲ. ದೋಣಿಗಾಲ್ ಹತ್ತಿರ ಗುಡ್ಡ ಜರಿದರೆ ಎಷ್ಟು ಹೊತ್ತು ನಿಲ್ಲಬೇಕೋ ಹೇಳಲಾಗುವುದಿಲ್ಲ.

ರಿಸರ್ವ್‌ಗೆ ಬರುವ ತನಕ ಹಾಕಿಸದೇ ಇರುವ ಈ ಬುದ್ಧಿ ನಮಗೆ ಬಂದಿದ್ದು ಹಳೇ ಬೈಕ್‌ಗಳಿಂದ. ಕಾರ್ಬ್ಯುರೇಟರ್ ಬೈಕಿಗೆ ಪಂಪೇ ಇರಲಿಲ್ಲ. ಟ್ಯಾಂಕ್ ಮೇಲೆ, ಎಂಜಿನ್ ಕೆಳಗೆ, ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. ಗಾಡಿ ಬುಕ್ ಬುಕ್ ಅಂದರೆ ಬಗ್ಗಿ ಟ್ಯಾಂಕಿನ ಕೆಳಗಿನ ಕಾಕ್ ಅನ್ನು ರಿಸರ್ವ್‌ಗೆ ತಿರುಗಿಸಿದರೆ ಆಯಿತು. ಅದರಿಂದ ಯಾವ ನಷ್ಟವೂ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕ್, ಸ್ಕೂಟರ್‌ಗಳಿಗೂ ಇಂಜೆಕ್ಷನ್ ಬಂತು, ಜೊತೆಗೆ ಪಂಪೂ ಬಂತು. ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು.

ನನ್ನ ಪ್ರಕಾರ ನಿಮ್ಮ ಪಂಪ್ ವಿಷಯದಲ್ಲಿ ಮೊದಲು ಅನುಮಾನ ಪಡಬೇಕಾಗಿದ್ದು ಕಸ ಮತ್ತು ನೀರಿನ ಮೇಲೆ. ರಿಸರ್ವ್‌ಗೆ ಬಂದಾಗ ಮಾತ್ರ ತಳದ ಕಸ ಎಳೆಯುತ್ತದೆ ಅಂತ ಹೇಳುತ್ತಾರೆ. ಫುಲ್ ಟ್ಯಾಂಕ್ ಇದ್ದರೂ ಪಂಪ್ ಎಳೆಯುವುದು ತಳದಿಂದಲೇ. ಕಮ್ಮಿ ಇದ್ದಾಗ ಅಲುಗಾಟ ಜಾಸ್ತಿ, ಕಸ ಕದಡುತ್ತದೆ, ಅಷ್ಟೇ ವ್ಯತ್ಯಾಸ. ಪಂಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ಟ್ಯಾಂಕ್ ತುಂಬಿದ್ದರೂ ಪಂಪಿಗೆ ಬಾಯಾರಿಕೆ. ಸೆಕೆಂಡ್ ಹ್ಯಾಂಡ್ ಕಾರು ಬೇರೆ, ಹಿಂದಿನವರು ಏನೇನು ಹಾಕಿದ್ದರೋ. ತೋಟದಲ್ಲಿ ವೀಡ್ ಕಟರಿಗೆ ಅಂತ ಕ್ಯಾನಿನಲ್ಲಿ ತಂದಿಟ್ಟ ಪೆಟ್ರೋಲನ್ನು ಕಾರಿಗೂ ಸುರಿಯುವವರು ನಮ್ಮ ಕಡೆ ಬಹಳ. ಆ ಕ್ಯಾನ್ ಮಳೆಯಲ್ಲಿ ನೆನೆದಿರುತ್ತದೆ, ಮುಚ್ಚಳದ ಬದಲು ಪ್ಲಾಸ್ಟಿಕ್ ಕವರ್ ಕಟ್ಟಿರುತ್ತಾರೆ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇರುತ್ತದೆ. ಇ20 ಅಂದರೆ ಶೇಕಡಾ 20. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲೇ ಬೆರೆತು ಸುಟ್ಟುಹೋಗುತ್ತದೆ. ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಕೂತಿರುವುದೂ ಅಲ್ಲೇ. ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನೂ ಎಥನಾಲ್ ಬಿಡಿಸುತ್ತದೆ, ಅದು ಬಂದು ಜಾಲರಿಗೆ ಕೂರುತ್ತದೆ. ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಹೆಚ್ಚು ಕಮ್ಮಿ ತುಂಬಿಸಿ ನಿಲ್ಲಿಸಿ. ಖಾಲಿ ಜಾಗ ಕಮ್ಮಿಯಾದಷ್ಟೂ ತೇವದ ಗಾಳಿಯೂ ಕಮ್ಮಿ.

ಮೆಕ್ಯಾನಿಕ್ ಹತ್ತಿರ ಹಳೇ ಪಂಪ್ ವಾಪಸ್ ಕೇಳಿ. ಕೊಡದೇ ಇರಲು ಕಾರಣವೇ ಇಲ್ಲ. ಜಾಲರಿ ನೋಡಿ. ಕಪ್ಪಗಾಗಿದೆಯಾ, ತುಕ್ಕಿನ ಪುಡಿ ಇದೆಯಾ, ಡಬ್ಬದ ತಳದಲ್ಲಿ ಮಣ್ಣು ಇದೆಯಾ? ಇದ್ದರೆ ಟ್ಯಾಂಕ್ ತೊಳೆಸದೆ ಹೊಸ ಪಂಪ್ ಕೂರಿಸುವುದು ದುಡ್ಡು ದಂಡ. ಕೂರಿಸುವ ಮೊದಲು ಒತ್ತಡ ಎಷ್ಟು ಬರುತ್ತಿತ್ತು, ಪಂಪಿನ ಕನೆಕ್ಟರ್‌ನಲ್ಲಿ ವೋಲ್ಟೇಜ್ ಎಷ್ಟಿತ್ತು ಅಂತಲೂ ಕೇಳಿ. ಫ್ಯೂಸ್, ರಿಲೇ, ಅರ್ಥ್ ವೈರ್ ಇವುಗಳಲ್ಲಿ ಒಂದು ತುಕ್ಕು ಹಿಡಿದಿದ್ದರೂ ಒಳ್ಳೆ ಪಂಪ್ ಸತ್ತ ಹಾಗೆ ಆಡುತ್ತದೆ. ನಮ್ಮ ಮಳೆಗೆ ಇದು ಹೊಸದೇನೂ ಅಲ್ಲ. ಮನೆಯಲ್ಲೇ ನೋಡುವುದಾದರೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಹಿಂದಿನ ಸೀಟ್ ಕಡೆಯಿಂದ ಎರಡು ಮೂರು ಸೆಕೆಂಡ್ ಸಣ್ಣಗೆ ಗುಂಯ್ ಅನ್ನಬೇಕು. ಓಡಿಸುವಾಗಲೂ ಅದು ಕೀರಲು ದನಿಯಲ್ಲಿ ಕೇಳುತ್ತಲೇ ಇದ್ದರೆ, ಕಾರು ಬಿಸಿಯಾದಾಗ ಆಫ್ ಆಗಿ ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ, ಅದು ಪಂಪಿನದೇ ತೊಂದರೆ ಇರಬಹುದು. ಕೆಲವು ಕಾರಿಗೆ ಪೂರ್ತಿ ಅಸೆಂಬ್ಲಿ ಬೇಡ, ಒಳಗಿನ ಮೋಟಾರ್ ಮತ್ತು ಜಾಲರಿ ಮಾತ್ರ ಸಿಗುತ್ತದೆ. ಬಿಲ್ ಸುಮಾರು ಇಳಿಯುತ್ತದೆ.

ಟ್ಯಾಂಕ್ ತುಂಬಿಸಿದರೆ ಭಾರಕ್ಕೆ ಮೈಲೇಜ್ ಹೋಗುತ್ತದೆ ಅನ್ನುವುದನ್ನು ಬಿಡಿ. ಹದಿನೆಂಟು ಲೀಟರ್ ಪೆಟ್ರೋಲ್ ಹದಿಮೂರು ಹದಿನಾಲ್ಕು ಕೆಜಿ ತೂಗುತ್ತದೆ, ಅಷ್ಟೇ. ಬಂಕ್‌ನಲ್ಲಿ ಪೈಪ್ ತಾನಾಗಿ ಕಟ್ ಆದ ಮೇಲೆ ರೌಂಡ್ ಫಿಗರ್ ಮಾಡಲು ಒತ್ತಿ ಒತ್ತಿ ತುಂಬಿಸುತ್ತಾರಲ್ಲ, ಅದು ಮಾತ್ರ ಬೇಡ ಅನ್ನಿ. ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ನುಗ್ಗಿದರೆ ಅದು ಹಾಳು.

ಇನ್ನು ಜೀಪ್. ಹಳೇ ಮೆಕ್ಯಾನಿಕಲ್ ಪಂಪಿನ ಜೀಪಾದರೆ ಡೀಸೆಲ್ ಖಾಲಿಯಾಗಿ ನಿಂತರೂ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತಿ, ಸ್ಕ್ರೂ ಸಡಿಲಿಸಿ ಏರ್ ತೆಗೆದರೆ ಸಾಮಾನ್ಯವಾಗಿ ಓಡುತ್ತದೆ. ತೋಟದ ಡ್ರೈವರ್‌ಗಳಿಗೆ ಇದು ನೀರು ಕುಡಿದಷ್ಟು ಸುಲಭ. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಹೈ ಪ್ರೆಶರ್‌ನಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ) ಇರುವ ಹೊಸ ಗಾಡಿಯಾದರೆ ಆ ಧೈರ್ಯ ಬೇಡ. ಅದರ ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಆಯಿಲ್. ಒತ್ತಡ ಸಾವಿರ ಬಾರ್ ದಾಟುತ್ತದೆ. ಒಣಗಿ ತಿರುಗಿದರೆ ಒಳಗಿನ ಲೋಹ ಸವೆದು, ಆ ಪುಡಿ ಸೀದಾ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಆಮೇಲೆ ಪಂಪ್ ಒಂದನ್ನೇ ಬದಲಾಯಿಸಿದರೆ ಸಾಲದು, ರೈಲ್, ಪೈಪ್, ಇಂಜೆಕ್ಟರ್ ಎಲ್ಲ ಬಿಚ್ಚಬೇಕು. ಖಾಲಿಯಾಗಿ ನಿಂತರೆ ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಡೀಸೆಲ್ ತರಿಸಿ, ಫಿಲ್ಟರ್ ಮೇಲಿನ ಪ್ರೈಮರ್ ಗಟ್ಟಿಯಾಗುವ ತನಕ ಒತ್ತಿ, ಆಮೇಲೆ ಕೀ ತಿರುಗಿಸಿ. ಪ್ರೈಮರ್ ಇಲ್ಲದ ಗಾಡಿಯಾದರೆ ಕೀಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ. ಟ್ಯಾಂಕಿನೊಳಗೆ ಕರೆಂಟ್ ಪಂಪ್ ಇದ್ದರೆ ಲೈನ್ ತುಂಬುತ್ತದೆ. ನಿಮ್ಮ ಜೀಪ್ ಯಾವ ವರ್ಷದ್ದು ಅಂತ ಬರೆದಿಲ್ಲ. ತಿಳಿಸಿದರೆ ಯಾವ ಪಂಪ್ ಅಂತ ಹೇಳುತ್ತೇನೆ.