ಯುದ್ಧದ ಹೊತ್ತಲ್ಲಿ ಅಣ್ಣತಮ್ಮಂದಿರು ಒಂದೇ ಯೂನಿಟ್‌ನಲ್ಲಿ ಇರುವುದು ಒಳ್ಳೆಯದಾ?

ನಿಮ್ಮ ತಮ್ಮಂದಿರಿಬ್ಬರೂ ಸೇನೆಗೆ ಹೊರಟಿದ್ದಾರೆ, ಒಂದೇ ಕಡೆ ಇದ್ದರೆ ಒಬ್ಬರಿಗೊಬ್ಬರು ಆಸರೆ ಅಲ್ವಾ ಅಂತ ಕೇಳಿದ್ದೀರಿ. ನಾನು ಹದಿನೇಳು ವರ್ಷ ಸೇವೆ ಮಾಡಿ ಬಂದವನು, ನನ್ನಣ್ಣನೂ ಸೈನಿಕ. ಶಾಂತಿಕಾಲದಲ್ಲಿ ಒಟ್ಟಿಗಿರಲಿ, ಸಂತೋಷ. ಗುಂಡು ಹಾರುವಾಗ ಬೇರೆ ಬೇರೆ ಕಡೆಯೇ ಇರಲಿ.

ಅಮೆರಿಕದ ಅಯೋವಾ ರಾಜ್ಯದ ವಾಟರ್ಲೂ ಊರಿನ ಸಲಿವನ್ ಸಹೋದರರು ಐವರು: ಜಾರ್ಜ್, ಫ್ರಾಂಕ್, ಜೋ, ಮ್ಯಾಟ್, ಆಲ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ಮಾಡಿದ ದಾಳಿಯಲ್ಲಿ ಅವರ ಗೆಳೆಯನೊಬ್ಬ ಸತ್ತ. 1942ರ ಜನವರಿಯಲ್ಲಿ ಐವರೂ ನೌಕಾಪಡೆ ಸೇರಿದರು, ಒಂದೇ ಹಡಗು ಕೊಡಬೇಕು ಅಂತ ಹಟ ಹಿಡಿದು. ಸಿಕ್ಕಿದ್ದು ಜೂನೋ ಎಂಬ ಕ್ರೂಸರ್. ನವೆಂಬರ್ 13ರಂದು, ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದ ಬಳಿ ರಾತ್ರಿಯ ಕಾಳಗದಲ್ಲಿ ಜಖಂ ಆಗಿ ಹಿಂದಿರುಗುವಾಗ ಜಪಾನಿ ಸಬ್‌ಮರೀನಿನ ಟಾರ್ಪೆಡೊ ಬಡಿದು ಹಡಗು ನಿಮಿಷದೊಳಗೆ ಮುಳುಗಿತು. ಸುಮಾರು ನೂರು ಜನ ನೀರಲ್ಲಿ ಜೀವಂತ ಇದ್ದರು. ಜೊತೆಯ ಹಡಗುಗಳು ಇನ್ನೊಂದು ದಾಳಿಯ ಭಯಕ್ಕೆ ನಿಲ್ಲಲಿಲ್ಲ, ಹುಡುಕಾಟ ತಡವಾಯಿತು, ದಿನಗಳ ನಂತರ ಮೇಲೆತ್ತಿದ್ದು 10 ಜನರನ್ನು. ಹಿರಿಯವನಾದ ಜಾರ್ಜ್ ತೆಪ್ಪದ ಮೇಲೆ ಕೆಲವು ದಿನ ಬದುಕಿದ್ದ. ತಮ್ಮಂದಿರ ಹೆಸರು ಕೂಗುತ್ತಿದ್ದ ಅಂತ ಉಳಿದವರು ಹೇಳಿದ್ದಾರೆ. ಅವನೂ ಬರಲಿಲ್ಲ.

ಅದೇ ಹಡಗಿನಲ್ಲಿ ರೋಜರ್ಸ್ ಮನೆಯ ನಾಲ್ವರಿದ್ದರು. ಕಾಳಗಕ್ಕೆ ಮುಂಚೆ ಇಬ್ಬರು ಬೇರೆ ಹಡಗಿಗೆ ಹೋದರು. ಆ ಇಬ್ಬರು ಉಳಿದರು.

1943ರ ಜನವರಿಯಲ್ಲಿ ಸಲಿವನ್‌ರ ಬಾಗಿಲಿಗೆ ಸಮವಸ್ತ್ರದವರು ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಯಾರು?" ಐವರೂ ಅಂದರು.

ಆ "ಯಾರು?" ನಮ್ಮ ಮನೆಯಲ್ಲೂ ಕೇಳಿದ ಮಾತು. 1999ರ ಕಾರ್ಗಿಲ್ ಯುದ್ಧದಲ್ಲಿ ನಾನು ದ್ರಾಸ್ ಕಡೆ, ಅಣ್ಣ ರಾಜಸ್ಥಾನದಲ್ಲಿ. ಅಂಚೆಯಣ್ಣ ಬಂದರೆ ಅವ್ವ ಕೈ ಚಾಚಿ "ಯಾರ್ದು ಬಂತೋ ಯಪ್ಪಾ?" ಅನ್ನುತ್ತಿದ್ದಳಂತೆ. ಓದಲು ಬರುತ್ತಿರಲಿಲ್ಲ. ಆದರೆ ಅಣ್ಣನ ಅಕ್ಷರ ಬಲಕ್ಕೆ ವಾಲಿದ್ದು, ನನ್ನದು ದುಂಡಗೆ, ಅಷ್ಟು ಗುರುತು ಸಾಕಿತ್ತು. ಆ ಜೂನ್‌ನಲ್ಲಿ ಎರಡು ವಾರ ನನ್ನದೊಂದೂ ಹೋಗಲಿಲ್ಲ. ವಾಲಿದ ಅಕ್ಷರದ ಇನ್‌ಲ್ಯಾಂಡ್ ಲೆಟರ್ ಒಂದು ಬಂತು. ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಅವತ್ತು ರೊಟ್ಟಿ ತಿಂದಳು ಅಂತ ತಂಗಿ ಈಗಲೂ ಹೇಳುತ್ತಾಳೆ.