ತಾಯ್ತನದ ಹಾದಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 27 ವರ್ಷ. ಚೊಚ್ಚಲ ಬಸಿರು, ಈಗ ಆರು ತಿಂಗಳು ತುಂಬಿದೆ. ಸಂಜೆಯಾದರೆ ಸೊಂಟ ಹಿಡಿದುಕೊಳ್ಳುತ್ತದೆ, ರಾತ್ರಿ ಮೀನಖಂಡ ಸೆಳೆಯುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಮಾತ್ರೆಯೆಂದರೆ ಭಯ. ಅತ್ತೆಯವರು ಮಲಗಿಯೇ ಇರಬೇಕೆನ್ನುತ್ತಾರೆ. ಅಮ್ಮ ಮಾತ್ರ, ಕುಕ್ಕರುಗಾಲಿನಲ್ಲಿ ಕುಳಿತು ನೆಲ ಒರೆಸಿದರೆ ಹೆರಿಗೆ ಸಲೀಸು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ರಕ್ತಸ್ರಾವ, ಗರ್ಭಕೋಶದಲ್ಲಿ ಕೆಳಗೆ ಕುಳಿತ ಮಾಸು (ಪ್ಲಾಸೆಂಟಾ), ಅಧಿಕ ರಕ್ತದೊತ್ತಡದಂತಹ ತೊಡಕುಗಳಿಲ್ಲವೆಂದು ನಿಮ್ಮ ವೈದ್ಯರು ಹೇಳಿದ್ದರೆ, ದಿನವಿಡೀ ಮಲಗುವ ಅಗತ್ಯವಿಲ್ಲ; ಹಾಗೆ ಮಲಗಿದರೆ ಸ್ನಾಯುಗಳು ಸೊರಗಿ ಸೊಂಟನೋವು ಹೆಚ್ಚುತ್ತದೆ. ನೆಲ ಒರೆಸುವುದು ಹಿತವೆನಿಸಿದರೆ ಒರೆಸಿ, ಆದರೆ ಅದು ಸುಲಭ ಹೆರಿಗೆಗೆ ಖಾತರಿಯಲ್ಲ.

ಹೊಟ್ಟೆಯ ಭಾರ ಮುಂದಕ್ಕೆ ಜಗ್ಗಿದಂತೆ ಬೆನ್ನು ಹಿಂದಕ್ಕೆ ಬಾಗುತ್ತದೆ; ಜತೆಗೆ ಬಸಿರಿನ ಹಾರ್ಮೋನುಗಳು ಕಟಿಯ ಕೀಲುಗಳ ಬಿಗಿಯನ್ನು ಸಡಿಲಿಸುವುದರಿಂದ ಸೊಂಟದ ಸ್ನಾಯುಗಳಿಗೆ ದುಡಿಮೆ ಹೆಚ್ಚು. ಇದಕ್ಕೆ ಮೊದಲ ಮದ್ದು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆಯು ಗರ್ಭಿಣಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮವನ್ನು ಸೂಚಿಸುತ್ತದೆ. ಒಮ್ಮೆಗೇ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷವಾಗಿ ಮೂರು ಸಲ ನಡೆಯಿರಿ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ವೇಗಕ್ಕೆ ಅದೇ ಅಳತೆ.

ಸಂಜೆ ಚಾಪೆಯ ಮೇಲೆ ಅಂಗೈ, ಮೊಣಕಾಲು ಊರಿ, ಉಸಿರು ಬಿಡುತ್ತ ಬೆಕ್ಕಿನಂತೆ ಬೆನ್ನನ್ನು ಮೇಲಕ್ಕೆ ಕಮಾನಾಗಿಸಿ, ಉಸಿರೆಳೆಯುತ್ತ ಸಮಸ್ಥಿತಿಗೆ ತನ್ನಿ. ಹೊಟ್ಟೆಯನ್ನು ಕೆಳಕ್ಕೆ ಜೋತುಬಿಡಬೇಡಿ. ಎಂಟು ಹತ್ತು ಸಲ ಸಾಕು. ಮೀನಖಂಡ ಸೆಳೆದಾಗ ಕಾಲು ಚಾಚಿ, ಬೆರಳುಗಳನ್ನು ನಿಮ್ಮತ್ತ ಎಳೆದು ಹಿಡಿಯಿರಿ. ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮಲಗಿ. ಅಂಗಾತ ಮಲಗಿ ಮಾಡುವ ವ್ಯಾಯಾಮ ಈಗ ಬೇಡ: ಗರ್ಭಕೋಶವು ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದು.

ಇನ್ನು ಮಾತ್ರೆಯ ಭಯ. ನೋವಿನ ಮಾತ್ರೆಯನ್ನು ನೀವಾಗಿಯೇ ನುಂಗದಿರುವುದು ಸರಿ. ಆದರೆ ಅದೇ ಭಯದಲ್ಲಿ ಕಬ್ಬಿಣಾಂಶದ ಮಾತ್ರೆಯನ್ನು ಬಿಟ್ಟಿದ್ದರೆ ಇಂದೇ ಮತ್ತೆ ಆರಂಭಿಸಿ. ರಕ್ತಹೀನತೆಯಿಂದಲೂ ಸುಸ್ತು, ಮಂಕು ಬರುತ್ತವೆ.

ಅಳುವಿನ ವಿಷಯವನ್ನು ಮನೆಯವರು "ಬಸುರಿಗೆ ಇದೆಲ್ಲ ಸಹಜ" ಎಂದು ತಳ್ಳಿಹಾಕಬಾರದು. ನಡಿಗೆಯಿಂದ ಮನಸ್ಸೂ ಹಗುರಾಗುತ್ತದೆ. ಸಂಜೆ ಪತಿಯನ್ನು ಜತೆಗೆ ಕರೆದುಕೊಂಡು ಹೊರಟರೆ ಮನೆಯೊಳಗೆ ಆಡಲಾಗದ ಮಾತುಗಳೂ ಹೊರಬರುತ್ತವೆ. ಆದರೂ ಬೇಸರ, ನಿದ್ದೆಗೇಡು ಎರಡು ವಾರ ಬಿಡದೆ ಇದ್ದರೆ ವೈದ್ಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬದುಕುವುದೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ.

ರಕ್ತಸ್ರಾವ, ನೀರು ಹೋಗುವುದು, ಎದೆನೋವು, ತೀವ್ರ ತಲೆನೋವು, ಒಂದೇ ಕಾಲಿನ ಊತ, ಮಗುವಿನ ಮಿಸುಕಾಟ ತಗ್ಗುವುದು – ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಮದುವೆಗೆ ಮುಂಚಿನಿಂದಲೂ ಯೋಗಾಭ್ಯಾಸವಿದೆ. ಐದನೆಯ ತಿಂಗಳಲ್ಲಿ ಕಪಾಲಭಾತಿ ಮುಂದುವರಿಸಬಹುದೇ?
– ಓದುಗಿ, ಶಿರಸಿ

ಉತ್ತರ: ಬೇಡ. ಹೊಟ್ಟೆಯನ್ನು ಒಳಗೆಳೆದು ರಭಸದಿಂದ ಉಸಿರು ಹೊರದಬ್ಬುವ ಕಪಾಲಭಾತಿ, ಭಸ್ತ್ರಿಕಾಗಳನ್ನೂ, ಉಸಿರು ಬಿಗಿಹಿಡಿಯುವ ಕುಂಭಕವನ್ನೂ ಹೆರಿಗೆಯಾಗುವವರೆಗೆ ಬಿಡಿ. ಕುಂಭಕವಿಲ್ಲದ ನಾಡಿಶುದ್ಧಿ, ಭ್ರಾಮರಿ ಮಾಡಬಹುದು. ನಿಮ್ಮ ಯೋಗ ಶಿಕ್ಷಕರಿಗೆ ಬಸಿರಿನ ಸಂಗತಿಯನ್ನು ಮೊದಲೇ ತಿಳಿಸಿರಿ.